ಸೊಟ್ಟದ್ದು ಮನೆಗೆ

ಪ್ರಯೋಗಾಲಯದ ಮೇಡಂ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸಿದರು. ಮುದುಕ ಮೀನುಗಾರ ತಂದುಕೊಟ್ಟಿದ್ದ ಮೀನಿನ ಬೆನ್ನುಮೂಳೆ ಎರಡು ಕಡೆ ಡೊಂಕಾಗಿತ್ತು.

“ನನ್ನ ಸೊಂಟದ ಗತಿಯೇ ಅದಕ್ಕೂ ಬಂದಿದೆ,” ಎಂದು ಅವನು ನಕ್ಕ.

ಮೇಡಂ ನಗಲಿಲ್ಲ. “ಮರಿಯಾಗಿದ್ದಾಗಲೇ ಹೀಗಾಗಿರಬೇಕು, ಅಜ್ಜ. ಕಾರ್ಖಾನೆ ನೀರೋ, ಹೊಲಕ್ಕೆ ಹೊಡೆಯೋ ಔಷಧಿಯೋ, ಏನಾದರೂ ರೋಗವೋ, ಇನ್ನೂ ಗೊತ್ತಿಲ್ಲ. ಇಂಥವು ಬಲೆಗೆ ತುಂಬಾ ಬೀಳ್ತವಾ?”

“ದಿನಾ ನಾಲ್ಕೈದು.”

“ಮಾರುಕಟ್ಟೆಯಲ್ಲಿ ನಾನು ಒಂದೂ ನೋಡಿಲ್ಲವಲ್ಲ?”

“ಸೊಟ್ಟ ಮೀನು ಯಾರು ಕೊಳ್ತಾರಮ್ಮ? ನೆಟ್ಟಗಿರೋದು ಮಾರಾಟಕ್ಕೆ, ಸೊಟ್ಟದ್ದು ಮನೆಗೆ. ನಮ್ಮಪ್ಪನ ಕಾಲದಿಂದಲೂ ಹಾಗೇ. ಈಗಂತೂ ಎಲ್ಲಾ ಮಗಳಿಗೇ. ಬಸುರಿ ಹೆಂಗಸು, ಹೊಟ್ಟೆ ತುಂಬಾ ತಿನ್ನಲಿ ಅಂತ ನಾನೂ ನನ್ನ ಹೆಂಡತಿಯೂ ಮುಟ್ಟೋದೇ…”

ಮಾತು ಅರ್ಧಕ್ಕೇ ನಿಂತಿತು. ಮೇಡಂ ತಮ್ಮ ಕುರ್ಚಿಯನ್ನೇ ಅವನತ್ತ ಸರಿಸಿದರು. ಅವನು ಕೂರಲಿಲ್ಲ. ಮನೆಗೆಂದು ಎತ್ತಿಟ್ಟುಕೊಂಡಿದ್ದ ಎರಡು ಸೊಟ್ಟ ಮೀನುಗಳನ್ನು ಚೀಲದ ಸಮೇತ ಅವರ ಮೇಜಿನ ಮೇಲಿಟ್ಟ. ಎಕ್ಸ್‌ರೇಯಿಂದ ಅವನ ಕಣ್ಣು ಕದಲಲಿಲ್ಲ.

“ಅವಳಿಗೆ ಈಗ ಆರು ತಿಂಗಳು. ಹೊಟ್ಟೆಯೊಳಗಿನ ಕೂಸಿನ ಬೆನ್ನೂ ಹೀಗೆ ಫೋಟೋದಲ್ಲಿ ಕಾಣುತ್ತಾ, ಅಮ್ಮ?”