ಕಣ್ತಪ್ಪದ ಜೇನು

ಎರ್ಮೆತೆಯ ಜೇನುಹಿಂಡು ಬೇಲಿ ದಾಟಿ ಪಕ್ಕದ ಮನೆಯ ಒರ್ನೆಲ್ಲಾಳ ಅಂಜೂರದ ಮರದಲ್ಲಿ ಕೂತಾಗ ಬೆಳಿಗ್ಗೆ ಒಂಬತ್ತು ಗಂಟೆ. ಹನ್ನೊಂದಾದರೂ ಅವನು ಮರದ ಕೆಳಗೆ ಕತ್ತೆತ್ತಿಕೊಂಡೇ ನಿಂತಿದ್ದ. ಈ ಸಲದ ಚಳಿಗಾಲ ದಾಟಿ ಅವನಿಗೆ ಉಳಿದಿದ್ದದ್ದು ಅದೊಂದೇ ಹಿಂಡು.

ಹಾಗೆ ನಿಲ್ಲಿಸಿದ ತಪ್ಪು ಒರ್ನೆಲ್ಲಾಳದು. ಅವಳ ತೀರಿಹೋದ ಗಂಡ ಕೋರ್ಟಿನಲ್ಲಿ ಗುಮಾಸ್ತನಾಗಿದ್ದ. "ಗೂಡು ಬಿಟ್ಟ ಜೇನು ನಿನ್ನ ಕಣ್ಣಿಗೆ ಕಾಣೋವರೆಗೆ ನಿಂದು. ಕಣ್ತಪ್ಪಿತೋ, ಹಿಡಿದವರದು. ರೋಮ್ ಚಕ್ರವರ್ತಿಗಳ ಕಾಲದ ಕಾನೂನು," ಎಂದಿದ್ದಳು ಬಂದವಳೇ.

"ಚಕ್ರವರ್ತಿಗಳು ಹೋಗಿ ಎಷ್ಟು ಕಾಲವಾಯ್ತು ಮಾರಾಯ್ತಿ."

"ಅವರು ಹೋದ್ರು. ಕಾನೂನು ಎಲ್ಲಿಗೆ ಹೋಗುತ್ತೆ?"

ಹಿಡಿಯುವ ಪೆಟ್ಟಿಗೆ ಎರ್ಮೆತೆಯ ಮನೆಯ ಹಿಂದಿತ್ತು. ತರಲು ಹೋದರೆ ಮರ ಕಾಣುವುದಿಲ್ಲ.

"ನೀನೇ ಹೋಗಿ ತಂದುಕೊಡು."

"ನನ್ನ ಮಂಡಿ ನಿಂಗೊತ್ತಲ್ಲ," ಎಂದು ಅವಳು ಒಂದು ಕುರ್ಚಿ ತಂದು ಹಾಕಿದಳು. ಮಧ್ಯಾಹ್ನ ರೊಟ್ಟಿಯಲ್ಲಿ ಚೀಸ್ ಇಟ್ಟು ಮಡಚಿ ತಂದು, "ಬಾಯಿ ತೆಗಿ," ಎಂದಳು. ಅವನು ಮರ ನೋಡುತ್ತಲೇ ಬಾಯಿ ತೆರೆದ. ಮೊದಲ ತುತ್ತು ಮೂಗಿಗೆ ಬಡಿಯಿತು.

ಆಮೇಲೆ ಪಕ್ಕದಲ್ಲಿ ಕೂತು ಅವಳು ಬಟಾಣಿ ಸುಲಿಯತೊಡಗಿದಳು. ಹೆಂಡತಿ ತೀರಿಹೋಗಿ ಅವನ ಮನೆಯಲ್ಲಿ ಇಂಥ ಸದ್ದು ನಿಂತು ಆರು ವರ್ಷವಾಗಿತ್ತು.

ಮೂರು ಗಂಟೆಗೆ ಅವನಿಗೊಂದು ಉಪಾಯ ಹೊಳೆಯಿತು. "ಕನ್ನಡಿ ಇದ್ರೆ ಕೊಡು."

ಅವಳ ಕೈಗನ್ನಡಿಯನ್ನು ಭುಜದ ಮೇಲೆತ್ತಿ ಹಿಡಿದು, ಅದರಲ್ಲಿ ಜೇನು ನೋಡುತ್ತ ಎರ್ಮೆತೆ ಮನೆಯತ್ತ ಹೊರಟ. ನಾಲ್ಕು ಹೆಜ್ಜೆಗೆ ಜೇನು ಮರೆಯಾಗಿ ಕನ್ನಡಿಯ ತುಂಬ ಒರ್ನೆಲ್ಲಾಳ ಮುಖ ಬಂತು.

"ಪಕ್ಕಕ್ಕೆ ಸರಿ."

"ನನ್ನ ತೋಟ. ಎಲ್ಲಿ ಬೇಕಾದ್ರೂ ನಿಲ್ತೀನಿ." ಆಮೇಲೆ ಅವಳೇ ಹೇಳಿದಳು: "ಇಷ್ಟು ಕಷ್ಟಪಡಬೇಡ. ಆ ಕಾನೂನನ್ನ ಈಗ ಸ್ವಲ್ಪ ಸಡಿಲ ಮಾಡಿದ್ದಾರೆ. ಹುಡುಕಿಕೊಂಡು ಬರೋಕೆ ಎರಡು ದಿನ ಗಡುವಿದೆ."

ಎರ್ಮೆತೆ ಕನ್ನಡಿಯಲ್ಲೇ ಅವಳನ್ನು ನೋಡಿದ. "ಬೆಳಿಗ್ಗೆನೇ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಮನೆಗೆ ಹೋಗ್ತಿದ್ದೆ."

ಅವನು ಹೋಗಿ ಪೆಟ್ಟಿಗೆ ತಂದು ಮರದ ಕೆಳಗಿಟ್ಟ. ಕೊಂಬೆಯಲ್ಲಿ ಜೇನು ಇನ್ನೂ ಜೋತಾಡುತ್ತಿತ್ತು.

"ಎರಡು ದಿನ ಅಂದ್ಯಲ್ಲ?" ಎಂದು ಕೇಳಿ, ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿ, ಅಂಜೂರದ ಮರಕ್ಕೆ ಬೆನ್ನು ಹಾಕಿ ಕೂತ.