ಈ ವರ್ಷದ ತಿರುವು

ದರ್ಜಿ ಬೀಬಿಜಾನ್ ನೆಲದ ಮೇಲೆ ಚಾಕ್‌ನಿಂದ ಗೆರೆ ಎಳೆದು, "ಹಿಮ್ಮಡಿ ಗೆರಿಗೆ ಹಚ್ಚಿ ನಿಂದರ್ರಿ ಕಾಕಾ" ಎಂದಳು. ಮಿರ್ಚಿಭಜಿ ಅಂಗಡಿಯ ಸಂಗನಬಸಪ್ಪ ಎದೆ ಸೆಟೆಸಿ ನಿಂತ. ಮನಸ್ಸು ಯಾರ ಕಡೆಗಿರುತ್ತದೋ ಆ ಕಡೆಗೆ ಬೆನ್ನುಮೂಳೆ ವರ್ಷವರ್ಷವೂ ಇಷ್ಟಿಷ್ಟೇ ತಿರುಗುತ್ತದೆ. ಆ ತಿರುವನ್ನು ಅಳೆಯದೆ ಅಂಗಿ ಹೊಲಿದರೆ ಗುಂಡಿಗಳೆಲ್ಲ ಪಕ್ಕೆಗೆ ಹೋಗಿ ಕೂರುತ್ತವೆ.

"ಈ ಸಲ ನೆಟ್ಟಗ ಹೊಲಿ. ಯುಗಾದಿಯಿಂದ ಆಕಿ ಮಾರಿ ನೋಡಿಲ್ಲ ನಾ" ಎಂದ ಆತ, ಬಾಗಿಲ ಬಳಿ ಕುಳಿತಿದ್ದ ಹೆಂಡತಿ ನಿಂಬೆವ್ವನಿಗೂ ಕೇಳುವಂತೆ. ಭಜಿ ಹಿಟ್ಟಿಗೆ ಓಂಕಾಳು ಹಾಕಬೇಕೋ ಬೇಡವೋ ಎಂದು ಹತ್ತಿಕೊಂಡ ಜಗಳ ಇನ್ನೂ ಆರಿರಲಿಲ್ಲ. ಅಂಗಡಿಯಲ್ಲಿ ದಿನವೂ ಅವನ ಎಡಕ್ಕೆ ಕೂತು ಮೆಣಸಿನಕಾಯಿ ಸೀಳುವ ನಿಂಬೆವ್ವ ಮುಖವನ್ನು ಬಾಗಿಲಾಚೆಗೆ ಹೊರಳಿಸಿದಳು.

ಬೀಬಿಜಾನಳಿಗೆ ಕುತೂಹಲ ತಡೆಯಲಾಗಲಿಲ್ಲ. ಅವನ ಬೆನ್ನಿಗೆ, ಎರಡೂ ಭುಜಕ್ಕೆ ತಾಗುವಂತೆ ಮರದ ಪಟ್ಟಿ ಹಿಡಿದು, ಕೆಳಗಿನ ಗೆರೆಯ ಜೊತೆ ತಾಳೆ ನೋಡಿದಳು. ನಂಬಿಕೆಯಾಗದೆ ಮತ್ತೊಮ್ಮೆ ನೋಡಿದಳು.

"ಕಾಕಾ, ಹ್ವಾದ ವರ್ಷಕಿಂತ ಎರಡ ಬಟ್ಟು ಹೆಚ್ಚಿಗಿ ತಿರುಗೀರಿ. ಎಡಕ್ಕ."

"ನಿನ್ನ ಪಟ್ಟೀನ ಸೊಟ್ಟ ಐತಿ!"

"ಹಂಗಾರ ಕಾಕೂನ್ನೂ ಅಳದು ನೋಡೂಣು. ಪಟ್ಟಿ ಸೊಟ್ಟ ಇದ್ದರ ಗೊತ್ತಾಗತೈತಿ. ಬರ್ರಿ ಕಾಕೂ."

ನಿಂಬೆವ್ವ ದಡಕ್ಕನೆ ಎದ್ದು, ಮೈತುಂಬ ಸೆರಗು ಹೊದ್ದು, ಗೋಡೆಗೆ ಬೆನ್ನು ಒತ್ತಿ ನಿಂತಳು. "ನನ್ನ ಕುಪ್ಪಸ ಇನ್ನೂ ಹೊಸಾದೈತಿ. ನನ್ನ ಅಳತಿ ಏನ್ ಬ್ಯಾಡ."

ಎಷ್ಟು ಒತ್ತಿದರೂ ಗೋಡೆಗೆ ತಾಗಿದ್ದು ಅವಳ ಬಲಭುಜ ಒಂದೇ. ಎಡಭುಜ ಗೋಡೆ ಬಿಟ್ಟು ಮುಂದಕ್ಕೆ, ಗಂಡ ದಿನವೂ ನಿಂತು ಭಜಿ ಕರಿಯುವ ಬಲಗಡೆಗೆ ಹೊರಳಿತ್ತು.