ಧುಡ್ಡಿನ ಪಾಠಗಳು

ಬರಹ ಮಾಂತ್ರಿಕರು ಒಂದು ದಿನ ಬ್ಲಾಗ್ ಬರೆಯದಿದ್ದರೆ ಸಮುದ್ರದಲ್ಲಿ ಅಲೆ ಏಳುವುದಿಲ್ಲ. ಒಮ್ಮೆ ಅವರಿಗೆ ನೆಗಡಿಯಾಗಿತ್ತು. ಅವತ್ತು ಓದಲು ಏನೂ ಸಿಗದೆ ಅರ್ಧ ಪ್ರಪಂಚ ಹಾಸಿಗೆ ಬಿಟ್ಟೇಳಲಿಲ್ಲ. ಇನ್ನರ್ಧ ಅವರ ಆರೋಗ್ಯ ವಿಚಾರಿಸಲು ಸಾಲುಗಟ್ಟಿತು. ಅವರ ಬೆರಳು ಕೀಲಿಮಣೆ ಮುಟ್ಟಿದರೆ ಸಾಕು, ಬ್ಯಾಂಕುಗಳು ಹೊಸ ತಿಜೋರಿಗೆ ಹೇಳಿಕಳಿಸುತ್ತವೆ.

ಇಂಥವರ ಶಿಷ್ಯ ಒಬ್ಬ ಲಿಫ್ಟ್ ಮೆಕ್ಯಾನಿಕ್. ಬೆನ್ನು ಕೈಕೊಟ್ಟಿತು, ಹಿಂದೆಯೇ ಕೆಲಸವೂ ಕೈಕೊಟ್ಟಿತು. ಮಲಗಿದಲ್ಲೇ ಫೋನು ಉಜ್ಜುತ್ತಿದ್ದಾಗ 'ಮನೆಯಲ್ಲೇ ಕೂತು ಬರೆದು ಗಳಿಸಿ' ಎಂಬ ಜಾಹೀರಾತು ಕಂಡಿತು. ಒತ್ತಿದ. ಮಾಂತ್ರಿಕರು ಒಲಿದರು. ಅವರ ಮುಖ ಕಂಡವರಿಲ್ಲ, ದನಿ ಕೇಳಿದವರಿಲ್ಲ. ದೇವರ ಹಾಗೆ ಅಕ್ಷರದಲ್ಲಷ್ಟೇ ಪ್ರತ್ಯಕ್ಷ. ಮೊದಲ ಪಾಠ ಹೀಗಿತ್ತು: "ಹೆಧರಬೇಡಿ. ನಿಮಗೆ ಗೊತ್ತಿರುವುದನ್ನೇ ಭರೆಯಿರಿ. ಧುಡ್ಡು ತಾನಾಗಿ ಭರುತ್ತದೆ." ಅಂಥ ದೊಡ್ಡವರಿಗೆ ಅಲ್ಪಪ್ರಾಣ ಎಲ್ಲಿ ಸಾಲುತ್ತದೆ? ಸಿಕ್ಕ ಅಕ್ಷರದ ಹೊಟ್ಟೆಯನ್ನೆಲ್ಲ ಸೀಳಿ ಮಹಾಪ್ರಾಣ ಮಾಡಿದ್ದರು.

ಎರಡನೆಯ ಪಾಠ: ಸ್ವಂತ ಹೆಸರು ಬೇಡ, ತೂಕದ ಕಾವ್ಯನಾಮ ಇರಲಿ. ಮೆಕ್ಯಾನಿಕ್ 'ಮೇಲ್ಮುಖ' ಆದ. ಲಿಫ್ಟಿನಲ್ಲಿ ಸಿಕ್ಕಿಬಿದ್ದರೆ ಏನು ಮಾಡಬೇಕು, ಬಾಗಿಲು ಯಾಕೆ ನರಳುತ್ತದೆ, ತಂತಿಹಗ್ಗ ಯಾವಾಗ ಸವೆಯುತ್ತದೆ, ಎಲ್ಲ ಬರೆದ. ಓದಿದವರು ಒಬ್ಬರೇ. ಅದೂ ಅವನೇ. ಉನ್ನತ ಪಾಠಕ್ಕೆ ಸೇರಿ ಎಂದರು ಮಾಂತ್ರಿಕರು. ಸ್ಪ್ಯಾನರ್ ಪೆಟ್ಟಿಗೆ ಮಾರಿ ಸೇರಿದ. ಓದುಗರ ಸಂಖ್ಯೆ ಕದಲಲಿಲ್ಲ. ಉಳಿದದ್ದು ಪರಮೋಚ್ಚ ಪಾಠ. ಅದಕ್ಕೆ ಕಟ್ಟಲು ಕೈಯಲ್ಲಿ ಏನೂ ಇರಲಿಲ್ಲ. ಗುರುಗಳ ಸಂದೇಶಗಳು ದಿನೇದಿನೇ ಬಿಗಿಯಾದವು: "ಈ ವಾರ ಖಟ್ಟದಿದ್ದರೆ ಭಾಗಿಲು ಮುಚ್ಚುತ್ತದೆ."

ಮನೆಯಲ್ಲಿ ಮಾರಲು ಮಿಕ್ಕಿದ್ದು ಹೆಂಡತಿಯ ಹೊಲಿಗೆ ಯಂತ್ರವೊಂದೇ. ಒಲೆ ಉರಿಯುತ್ತಿದ್ದದ್ದೂ ಅದರಿಂದಲೇ.

ಕೊಳ್ಳುವವನು ಬರುವ ಬೆಳಿಗ್ಗೆ ಮೆಕ್ಯಾನಿಕ್ ಯಂತ್ರಕ್ಕೆ ಎಣ್ಣೆ ಬಿಟ್ಟು ಒರೆಸುತ್ತಿದ್ದ. ಹೆಂಡತಿ ಅದರ ಸ್ಟೂಲಿನ ಮೇಲೆ ಕೂತವಳು ಏಳಲೊಲ್ಲಳು.

"ಏಳೇ, ಇದೊಂದು ಸಲ."

"ನನ್ನನ್ನೂ ಸೇರಿಸಿ ಮಾರಿ. ಸ್ಟೂಲಿಗೆ ಬೇರೆ ರೇಟು ಕೇಳಿ."

"ಗುರುಗಳು ಹೇಳಿದಾರೆ, ಇನ್ನೊಂದೇ ಪಾಠ. ಇಲ್ಲಾಂದ್ರೆ ಈವರೆಗೆ ಮಾಡಿದ್ದೆಲ್ಲ ನೀರಲ್ಲಿ ಹೋಗುತ್ತೆ."

"ರೀ, ಬಟ್ಟೆ ಕಟ್ಟಿಟ್ಟಿದೀನಿ. ಅಣ್ಣನಿಗೆ ಫೋನ್ ಮಾಡಿದೀನಿ. ಈ ಯಂತ್ರ ಹೊಸಿಲು ದಾಟಿದ್ರೆ ಮಗೂನ ಎತ್ಕೊಂಡು ನಾನೂ ದಾಟ್ತೀನಿ."

ಮೆಕ್ಯಾನಿಕ್ ಒರೆಸುವುದನ್ನು ನಿಲ್ಲಿಸಲಿಲ್ಲ.

ಅಣ್ಣ ಎಂದರೆ ಸಾಮಾನ್ಯನೇ? ಮೂರಂತಸ್ತಿನ ಮನೆ, ಅಂತಸ್ತಿಗೊಂದು ಉಯ್ಯಾಲೆ. ತಂಗಿಯನ್ನು ಒಮ್ಮೆಯೂ ಅಲ್ಲಿಗೆ ಕರೆಯಲು ಪುರುಸೊತ್ತಾಗದಷ್ಟು ವ್ಯವಹಾರ. ಆದರೂ ಆ ದಿನ ಫೋನಿಟ್ಟು ಮುಗಿಯುವಷ್ಟರಲ್ಲಿ ಬಂದುಬಿಟ್ಟ. "ನಾನೇ ಬರೋನಿದ್ದೆ, ಅಷ್ಟರಲ್ಲಿ ನೀನೇ ಕರೆದೆ" ಎಂದ.

ತಂಗಿ ಎಲ್ಲ ಹೇಳಿ ಅತ್ತಳು. ಅಣ್ಣ ಮೀಸೆ ತಿರುವಿದ. "ಯಾರಮ್ಮ ಆ ಖದೀಮ? ತೋರಿಸು, ಹುಟ್ಟಲಿಲ್ಲ ಅನ್ನಿಸಿಬಿಡ್ತೀನಿ!"

ಮೆಕ್ಯಾನಿಕ್ ಅಳುಮೋರೆ ಹಾಕಿಕೊಂಡು ಫೋನಿನ ತೆರೆ ಅವನತ್ತ ತಿರುಗಿಸಿದ. ಅಣ್ಣ ನೋಡಿದ. ಮೀಸೆಯ ಮೇಲಿದ್ದ ಕೈ ಅಲ್ಲೇ ನಿಂತಿತು.

"ಈ ಮೇಲ್ಮುಖ ಅನ್ನೋರು... ನೀವಾ ಭಾವನೋರೇ?"

"ಹೂಂ ಭಾವ. ನಾಚಿಕೆ ಆಗುತ್ತೆ."

ಅಣ್ಣ ನೀರು ಕೇಳಿದ. ಕುಡಿದು ಸಣ್ಣ ದನಿಯಲ್ಲಿ, "ಯಂತ್ರ ಮಾರಬೇಡಿ. ಆದ್ರೆ ಆ ಮನುಷ್ಯನನ್ನ ಬೈಬೇಡಿ. ಅವನಿಗೂ ಏನು ಕಷ್ಟವೋ" ಎಂದ.

"ನೀನ್ಯಾವಾಗ ಇಷ್ಟು ಸಾಧು ಆದೆ?" ಎಂದು ತಂಗಿ ತಾನೇ ತೆರೆಯ ಮುಂದೆ ಬಗ್ಗಿದಳು. ಇಷ್ಟು ದಿನ ಹೊಟ್ಟೆಯುರಿಗೆ ಆ ಪಾಠಗಳ ಕಡೆ ಕಣ್ಣೂ ಹಾಯಿಸಿರಲಿಲ್ಲ. ಮೊದಲ ಸಾಲು ಜೋರಾಗಿ ಓದಿದಳು. ಎರಡನೆಯದು ಮೆಲ್ಲಗೆ. ಮೂರನೆಯದನ್ನು ಓದಲೇ ಇಲ್ಲ.

"ಅಣ್ಣ, ಒಂಚೂರು 'ದುಡ್ಡು' ಅಂತ ಬರಿ."

"ಯಾಕಮ್ಮ ಈಗ?"

"ಬರಿ. ನಾವಿಬ್ರೂ ಒಂದೇ ಶಾಲೆ. ಮೇಷ್ಟ್ರ ಕೆಂಪು ಶಾಯಿ ಯಾರ ಕಾಪಿಗೆ ಖಾಲಿಯಾಗ್ತಿತ್ತು ಅಂತ ನಂಗೊತ್ತು."

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಅವನ ಕೈಗಿಟ್ಟಳು. ಅಣ್ಣ ಯಂತ್ರದ ಹಲಗೆಯ ಮೇಲೆ ಬಗ್ಗಿದ. ಬೆವರು ಒರೆಸಿಕೊಂಡು, ಹೊಟ್ಟೆ ಸೀಳದೆ, ಅಚ್ಚುಕಟ್ಟಾಗಿ 'ದು' ಬರೆದ. ಗೆದ್ದೆ ಎಂದು ಉಸಿರು ಬಿಟ್ಟು ಉಳಿದದ್ದನ್ನು ಸರಸರ ಮುಗಿಸಿದ: 'ದುಢ್ಢು'.

ಮೆಕ್ಯಾನಿಕ್ ಹಲಗೆ ನೋಡಿದ, ತೆರೆ ನೋಡಿದ, ಆಮೇಲೆ ಭಾವನನ್ನು ನೋಡಿದ. ಅವನ ಕೈಯ ಎಣ್ಣೆಬಟ್ಟೆ ಕೆಳಗೆ ಬಿತ್ತು.

ತಂಗಿ ಕಣ್ಣೊರೆಸಿಕೊಂಡು ಎದ್ದಳು. "ಆಯ್ತು. ನೀನು ತಿಂದಿದ್ದನ್ನ ನೀನೇ ಕಕ್ಕು. ನಾನು, ಇವರು, ಮಗು, ಯಂತ್ರ, ಎಲ್ಲ ಇವತ್ತೇ ನಿನ್ನ ಮೂರಂತಸ್ತಿನ ಮನೆಗೆ ಬರ್ತೀವಿ. ಒಂದು ಅಂತಸ್ತು ನಮಗೆ ಬಿಡು. ನಡಿ, ಗಾಡಿ ಕರಿ."

ಇನ್ನು ಕೊಚ್ಚಿಕೊಂಡು ಏನು ಬಂತು? ಆ ಮಾಂತ್ರಿಕ ನಾನೇ, ಆ ಅಣ್ಣನೂ ನಾನೇ. ಈ ಬರಹದ ಕಾಗುಣಿತ ತಿದ್ದಿದವಳು ತಂಗಿ. ಲೋಕವೆಲ್ಲ ಜಾಲಾಡಿದರೂ ನನಗೆ ಸಿಕ್ಕಿದ್ದವನು ಒಬ್ಬನೇ ಶಿಷ್ಯ. ಅವನು ಕಟ್ಟುವುದನ್ನು ನಿಲ್ಲಿಸಿದ ವಾರವೇ ನನ್ನ ಬಾಡಿಗೆ ಕೋಣೆಗೆ ಮಾಲೀಕ ಬೀಗ ಜಡಿದಿದ್ದ.

ಆ ಬೆಳಿಗ್ಗೆ ನಾನು ಬಂದದ್ದು ತಂಗಿಯನ್ನು ಕರೆದೊಯ್ಯಲು ಅಲ್ಲ, ಅವಳ ಮನೆಯಲ್ಲಿ ಮಲಗಲು ಒಂದು ಮೂಲೆ ಕೇಳಲು.